ಇಂಗ್ಲೆಂಡು, ಫ್ರಾನ್ಸು: ಎರಡು ದೇಶಗಳ ಪಾನಪದ್ಧತಿ

ಇಂಗ್ಲಿಷನಿಗೆ ಬಿಯರು, ಫ್ರೆಂಚನಿಗೆ ದ್ರಾಕ್ಷಾಮದ್ಯ. ಇದು ಆಯಾ ಜನದ ಹುಟ್ಟುಗುಣವೆಂಬಂತೆ ಹೇಳುವುದು ರೂಢಿಯಾಗಿದೆ. ತಂಪು ನೆಲದಲ್ಲಿ ಜವೆಗೋಧಿಯೂ ಬಿಸಿಲು ನೆಲದಲ್ಲಿ ದ್ರಾಕ್ಷಿಯೂ ಚೆನ್ನಾಗಿ ಬರುವುವೆಂಬುದು ದಿಟವೇ. ಆದರೆ ಜನದ ನಾಲಗೆಯನ್ನು ತಿದ್ದುವುದರಲ್ಲಿ ಸೂರ್ಯನಿಗಿರುವಷ್ಟು ಅಧಿಕಾರ ಸುಂಕದ ಕಟ್ಟೆಗೂ ಉಂಟು.

ಹದಿನೇಳನೆಯ ಶತಮಾನದ ಲಂಡನ್ನಿನ ಸಿರಿವಂತರಿಗೆ ಫ್ರೆಂಚ್ ಮದ್ಯವೇ ಪ್ರಿಯವಾಗಿದ್ದಿತು. 1689ರಲ್ಲಿ ಯುದ್ಧ ಹತ್ತಲು ಅದರ ಆಮದನ್ನು ನಿಷೇಧಿಸಿದರು. 1703ರ ಮೆಥ್ಯುಯೆನ್ ಒಪ್ಪಂದವು ಪೋರ್ಚುಗಲ್ಲಿನ ಮದ್ಯಕ್ಕೆ ಫ್ರೆಂಚ್ ಮದ್ಯಕ್ಕಿಂತ ಮೂರರಲ್ಲೊಂದು ಪಾಲು ಕಡಮೆ ಸುಂಕವನ್ನು ಗೊತ್ತುಮಾಡಿತು. ಉಳ್ಳವರು ಪೋರ್ಟಿಗೆ ತಿರುಗಿದರು. ಬಡವರ ಪಾಲಿಗೆ ಬಂದುದು ಜಿನ್. ಸ್ವದೇಶದ ಧಾನ್ಯಕ್ಕೆ ಗಿರಾಕಿ ದೊರೆಯಲೆಂದು ಸರಕಾರವೇ 1690ರಲ್ಲಿ ಭಟ್ಟಿ ಇಳಿಸುವ ಕಸಬಿನ ಕಟ್ಟನ್ನು ಸಡಿಲಿಸಿದ್ದಿತು. 1734ರಲ್ಲಿ ಜೂಡಿತ್ ಡಿಫೋರ್ ಎಂಬಾಕೆ, ವರ್ಕ್‌ಹೌಸಿನವರು ತನ್ನ ಮಗುವಿಗೆ ತೊಡಿಸಿದ್ದ ಹೊಸ ಬಟ್ಟೆಗಳನ್ನು ಮಾರಿ ಜಿನ್ ಕೊಳ್ಳುವುದಕ್ಕಾಗಿ ಆ ಮಗುವನ್ನೇ ಕತ್ತು ಹಿಸುಕಿ ಕೊಂದಳು. ಪಾರ್ಲಿಮೆಂಟು ಬೆಚ್ಚಿ 1736ರಲ್ಲಿ ಗ್ಯಾಲನ್ನಿಗೆ 20 ಷಿಲ್ಲಿಂಗ್ ತೆರಿಗೆಯನ್ನೂ, ಮಾರುವವನಿಗೆ ವರ್ಷಕ್ಕೆ 50 ಪೌಂಡು ಲೈಸೆನ್ಸನ್ನೂ ವಿಧಿಸಿತು. ಲೈಸೆನ್ಸು ಪಡೆದವರು ಬೆರಳೆಣಿಕೆಯವರು, ಕಳ್ಳಮಾರಾಟ ಬೆಳೆಯಿತು. 1743ರಲ್ಲಿ ಆ ಶಾಸನವನ್ನು ಹಿಂತೆಗೆದುಕೊಂಡರು. ಹದವರಿತ 1751ರ ಕಾನೂನು, ಅದರ ಬೆನ್ನಿಗೆ ಬಂದ ಬೆಳೆನಷ್ಟ, ಇವೆರಡೂ ಸೇರಿ ಆ ಹುಚ್ಚನ್ನು ಇಳಿಸಿದುವು.

ಫ್ರಾನ್ಸಿಗೆ ವಿಪತ್ತು ಬಂದುದು ಒಂದು ಹುಳುವಿನ ರೂಪದಲ್ಲಿ. 1863ರ ಸುಮಾರಿಗೆ ದಕ್ಷಿಣದಲ್ಲಿ ಕಾಣಿಸಿಕೊಂಡ ಫಿಲೊಕ್ಸೆರ ದ್ರಾಕ್ಷಿಯ ಬೇರನ್ನು ತಿಂದು ಮುಂದಿನ ದಶಕಗಳಲ್ಲಿ ತೋಟಗಳನ್ನು ಹಾಳುಗೆಡಹಿತು. ದ್ರಾಕ್ಷಾಮದ್ಯ ತುಟ್ಟಿಯಾಯಿತು. ಜನ ಅಬ್ಸಿಂತ್ ಎಂಬ ಹಸುರು ಮದ್ಯಕ್ಕೆ ಕೈಹಾಕಿದರು. 1880ರ ಕಾನೂನು ಮದ್ಯದಂಗಡಿಯನ್ನು ತೆರೆಯುವುದನ್ನೂ ಸುಲಭಗೊಳಿಸಿದ್ದಿತು.

1915ರಲ್ಲಿ ಎರಡು ದೇಶಗಳೂ ಒಂದೇ ಶತ್ರುವಿನೊಡನೆ ಹೋರಾಡುತ್ತ ಮದ್ಯದ ವಿಷಯದಲ್ಲಿ ಬೇರೆಬೇರೆ ದಾರಿ ಹಿಡಿದುವು. ಫ್ರಾನ್ಸು ಅಬ್ಸಿಂತನ್ನು ನಿಷೇಧಿಸಿತು, ದ್ರಾಕ್ಷಾಮದ್ಯವನ್ನು ಮುಟ್ಟಲಿಲ್ಲ. ಪಾಶ್ಚರನಂಥ ವಿಜ್ಞಾನಿಯೇ ಅದನ್ನು ಆರೋಗ್ಯಕರ ಪಾನೀಯವೆಂದು ಹೊಗಳಿದ್ದನಲ್ಲವೆ! ಕಂದಕದ ಸಿಪಾಯಿಯ ದಿನದ ಪಡಿ ಕಾಲು ಲೀಟರಿನಿಂದ ಅರ್ಧ ಲೀಟರಿಗೆ ಏರಿತು. ಇಂಗ್ಲೆಂಡಾದರೋ ಅಂಗಡಿಗಳ ವೇಳೆಯನ್ನು ಮೊಟಕುಗೊಳಿಸಿ, ಬಿಯರನ್ನು ತೆಳುಮಾಡಿ, ತೆರಿಗೆಯನ್ನೇರಿಸಿತು. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಕುಡಿತದ ಅಪರಾಧಕ್ಕೆ ಶಿಕ್ಷೆಯಾದ ಪ್ರಕರಣಗಳು 1914ರಲ್ಲಿ 1,80,000ಕ್ಕೆ ಮಿಕ್ಕಿದ್ದುವು. 1918ರಲ್ಲಿ ಸುಮಾರು 29,000. ಗಂಡಸರೆಲ್ಲ ರಣರಂಗದಲ್ಲಿದ್ದರೆಂದು ಆಕ್ಷೇಪಿಸಬಹುದು. ಆದರೆ ಹೆಂಗಸರ ಸಂಖ್ಯೆಯೂ ಹಾಗೆಯೇ ಇಳಿದಿದ್ದಿತು. ಆಗ ತೊಡಗಿದ ಮಧ್ಯಾಹ್ನದ ಬಾಗಿಲುಮುಚ್ಚುವಿಕೆ 1988ರವರೆಗೂ ನಡೆದುಬಂದಿತು.

ದ್ರಾಕ್ಷಾಮದ್ಯವು ನಿರಪಾಯವೆಂಬ ಫ್ರೆಂಚರ ನಂಬುಗೆಗೆ ಉತ್ತರ ದೊರೆತುದು ಎರಡನೆಯ ಮಹಾಯುದ್ಧದಲ್ಲಿ. ಮದ್ಯಕ್ಕೂ ಪಡಿತರ ಬಂದ ಆ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಯಕೃತ್ತು ಗಂಟುಗಟ್ಟುವ ರೋಗದ ಸಾವು ಸುಮಾರು ಐದರಲ್ಲೊಂದು ಪಾಲಿಗೆ ಇಳಿಯಿತು. ಪಡಿತರ ಹೋದ ಮೇಲೆ ಮತ್ತೆ ಏರಿತು. ಆದರೂ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ಮದ್ಯ ಬಡಿಸಕೂಡದೆಂದು ಕಟ್ಟುಮಾಡಲು 1956 ಬರಬೇಕಾಯಿತು.

1961ರಲ್ಲಿ ವಯಸ್ಕ ಫ್ರೆಂಚನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 26 ಲೀಟರು ಶುದ್ಧ ಮದ್ಯಸಾರ ಬೀಳುತ್ತಿದ್ದಿತು. ಬ್ರಿಟನ್ನಿನವನ ಪಾಲು ಅದರ ಮೂರರಲ್ಲೊಂದಕ್ಕೂ ಕಡಮೆ. ಅಲ್ಲಿಂದೀಚೆಗೆ ಫ್ರಾನ್ಸಿನಲ್ಲಿ ದಿನದ ಊಟದೊಡನೆ ಕುಡಿಯುವ ಅಗ್ಗದ ಮದ್ಯ ಹಿಂದೆ ಸರಿದು, ಆ ಮೊತ್ತ ಅರ್ಧಕ್ಕೂ ಕೆಳಗಿಳಿಯಿತು. ಬ್ರಿಟನ್ನಿನದು ಮೇಲೇರಿ 2004ರ ಸುಮಾರಿಗೆ 11 ಲೀಟರನ್ನು ದಾಟಿ, ಅನಂತರ ತುಸು ಇಳಿಯಿತು. ಈ ಏರಿಕೆಯಲ್ಲಿ ದೊಡ್ಡ ಪಾಲು ಬಿಯರಿನದಲ್ಲ. ಅಂಗಡಿಯಿಂದ ಮನೆಗೆ ಕೊಂಡೊಯ್ಯುವ ದ್ರಾಕ್ಷಾಮದ್ಯದ್ದು.