ದೂರದ ಬೆಟ್ಟ

ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ನಾಲೆಯ ನೀರುಂಡು ಬೆಳೆವ ಗದ್ದೆಯವನಿಗೂ ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಬಿತ್ತಿ ಮುಗಿಲು ನೋಡುವವನಿಗೂ ಎಷ್ಟು ಅಂತರವೆಂಬುದನ್ನು ಮಂಡ್ಯದ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇಬ್ಬರೂ ಒಕ್ಕಲಿಗರೇ ಆದರೂ ಇಬ್ಬರ ಹಿತವೂ ಒಂದೇ ಅಲ್ಲ. ಆದರೆ ಕರ್ನಾಟಕ ಏಕೀಕರಣದ ಮಾತು ಎದ್ದಾಗ, ಹಳೆಯ ಮೈಸೂರಿನ ಅನೇಕರು ತುಂಗಭದ್ರೆಯಾಚೆಯ ಲಿಂಗಾಯತರನ್ನೆಲ್ಲ ಒಂದೇ ಕಟ್ಟಿನ ಜನವೆಂದು ಬಗೆದು, ತಾವು ಅವರ ಕೈಕೆಳಗಾಗುವೆವೆಂದು ಅಂಜಿದರು.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಈ ಅಂಜಿಕೆಯನ್ನು ಲೆಕ್ಕಕ್ಕೆ ಹಚ್ಚಿತು. ಮೈಸೂರಿನ ಹೊರಗಣ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ನೂರಕ್ಕೆ 35-40 ಇದ್ದರು. ಕೂಡಿದ ರಾಜ್ಯದಲ್ಲಿಯಾದರೋ 20ಕ್ಕಿಂತ ತುಸು ಹೆಚ್ಚು. ಒಕ್ಕಲಿಗರು 13-14, ಪರಿಶಿಷ್ಟ ಜಾತಿಯವರು ಸುಮಾರು 17. ಉಳಿದವರು ಒಂದಾದರೆ ಯಾವ ಪಂಗಡವೂ ಅಲ್ಪಸಂಖ್ಯಾತವೇ ಎಂದು ಆಯೋಗ ಕಂಡಿತು.

ಒಕ್ಕಲಿಗರಾದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರೇ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ಕೂಡಿದ ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು ಲಿಂಗಾಯತರು, ನಿಜ. ಆದರೆ ಹೊಳೆಯಾಚೆಯವರಲ್ಲ, ಹಳೆಯ ಮೈಸೂರಿನ ಚಿತ್ರದುರ್ಗ ಜಿಲ್ಲೆಯವರು! 1971ರವರೆಗೂ ಆ ಪದವಿ ಅದೇ ಸಮುದಾಯದಲ್ಲಿ ಉಳಿದುದರಿಂದ ಅಂಜಿಕೆ ಬರಿಯ ಭ್ರಮೆಯೆನ್ನಲಾಗದು. ಆದರೆ 1972ರಲ್ಲಿ ಚಿಕ್ಕ ಪಂಗಡದ ದೇವರಾಜ ಅರಸರು ಹಿಂದುಳಿದವರನ್ನೂ ದಲಿತರನ್ನೂ ಒಗ್ಗೂಡಿಸಿ ಮುಖ್ಯಮಂತ್ರಿಯಾದಾಗ ಆಯೋಗದ ಲೆಕ್ಕವೇ ದಿಟವಾಯಿತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ ಹಿರಿಯರು. ನಮ್ಮವರೊಳಗಿನ ಭೇದಗಳನ್ನು ನಾವು ದಿನವೂ ಕಾಣುತ್ತೇವೆ. ಎದುರು ಪಕ್ಷದವರೊಳಗಿನ ಭೇದ ನಮಗೆ ಕಾಣದು. ಚುನಾವಣೆ ಬಂದಾಗಲೆಲ್ಲ ವಾಚಕರು ಇದನ್ನು ಒಮ್ಮೆ ನೆನೆದರೆ ಒಳ್ಳೆಯದು.