ಹಲಸಿನ ಮುಳಕ, ಬೀಸುವ ಕಲ್ಲು ಮತ್ತು ಮೈದಾ ಬನ್ಸು

ಮೊದಲ ಮಳೆ ಬಿದ್ದ ಮೇಲೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೇ ಪ್ರಶ್ನೆ: ಮರದಲ್ಲಿ ಉಳಿದಿರೋ ಹಲಸಿನ ಹಣ್ಣನ್ನು ಏನು ಮಾಡೋದು? ಬಕ್ಕೆ ಹಣ್ಣಾದರೆ ತೊಳೆ ಬಿಡಿಸಿ ಹಾಗೇ ತಿನ್ನಬಹುದು. ಅಂಬಲಿ ಹಣ್ಣಿನ ಕಥೆ ಬೇರೆ. ಮೆತ್ತಗೆ, ಲೊಳಲೊಳ, ಬಾಯಿಗಿಟ್ಟರೆ ಗಂಟಲಿಗೆ ಜಾರುತ್ತೆ. ಅಂಥ ಹಣ್ಣಿಗೆ ಹಿರಿಯರು ಕಂಡುಕೊಂಡ ದಾರಿ ಮುಳಕ. ನೆನೆಸಿದ ಅಕ್ಕಿ, ಹಣ್ಣು, ಬೆಲ್ಲ, ತೆಂಗಿನತುರಿ ಸೇರಿಸಿ ರುಬ್ಬಿ, ಕೈಯಲ್ಲಿ ಉಂಡೆ ಉಂಡೆಯಾಗಿ ಎಣ್ಣೆಗೆ ಬಿಡೋದು. ಹಲಸಿಲ್ಲದ ಕಾಲದಲ್ಲಿ ಕಪ್ಪಾಗಿ ಹೋದ ಬಾಳೆಹಣ್ಣೂ ಆಗುತ್ತೆ. ಬಯಲುಸೀಮೆ ದಾಟಿ ಉತ್ತರ ಕರ್ನಾಟಕಕ್ಕೆ ಹೋದರೆ ಇದರ ದಾಯಾದಿ ಸಿಗ್ತಾಳೆ, ಗಾರಿಗೆ. ಅಲ್ಲಿ ಸಿಹಿಗುಂಬಳವನ್ನು ಬೆಲ್ಲದ ಜೊತೆ ಬೇಯಿಸಿ, ಗೋಧಿ ಹಿಟ್ಟು ಕಲಸಿ, ತಟ್ಟಿ ಕರೀತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕುಂಬಳವೂ ಹಣ್ಣೇ ತಾನೆ!

ಇತ್ತೀಚೆಗೆ ಈ ತಿಂಡಿಗಳಿಗೆ ಮತ್ತೆ ಗೌರವ ಬಂದಿದೆ. ಅದರ ಜೊತೆಗೆ ಒಂದು ಮಾತೂ ಬಂದಿದೆ: "ಪ್ಯಾಕೆಟ್ ಹಿಟ್ಟು ಬೇಡ, ಆಗತಾನೇ ಬೀಸಿದ್ದೇ ಬೇಕು, ಅಜ್ಜಿ ಕಾಲದ ರುಚಿ ಅದರಲ್ಲೇ ಇರೋದು." ರುಚಿಯ ಮಾತು ನಿಜ. ಆದರೆ ಅಜ್ಜಿ ಕಾಲದ ಆ ತಾಜಾ ಹಿಟ್ಟನ್ನು ಬೀಸಿದ್ದು ಯಾರು, ಎಷ್ಟು ಹೊತ್ತಿಗೆ ಎದ್ದು ಬೀಸಿದ್ದು ಅನ್ನೋದನ್ನ ಈ ಹೊಗಳಿಕೆ ಕೇಳೋದಿಲ್ಲ. ಇವತ್ತಿನ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಹಿಟ್ಟು, ಸಿಹಿ, ತುಪ್ಪ ಸೇರಿದ ತಿಂಡಿಗೆ ನಮ್ಮಲ್ಲಿ ವಯಸ್ಸು ಬಹಳ. ಋಗ್ವೇದದಲ್ಲೇ ತುಪ್ಪದ 'ಅಪೂಪ'ದ ಉಲ್ಲೇಖ ಇದೆ. ನಮ್ಮ 'ಅಪ್ಪ'ಕ್ಕೆ ಅದನ್ನೇ ಮೂಲ ಅಂತ ತೋರಿಸೋದು ರೂಢಿ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ್ದೇ ಒಂದು ಭಾಗ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಅದರಲ್ಲಿ ಹಿಟ್ಟಿನ ಅಡುಗೆಗೆ ಅಂತಲೇ ಒಂದು ಅಧ್ಯಾಯ. ಬದನೆ, ಹಲಸು, ಬಾಳೆಗೂ ಒಳ್ಳೇ ಜಾಗ. ಅಡುಗೆಯನ್ನು ಷಟ್ಪದಿಯಲ್ಲಿ ಹೇಳಿದ ಪುಣ್ಯಾತ್ಮ ಅವನು.

ಮಾನಸೋಲ್ಲಾಸ ಗೋಧಿಯ ವಿಚಾರದಲ್ಲಿ ತುಂಬ ಅಚ್ಚುಕಟ್ಟು. ಗೋಧಿಯನ್ನು ತೊಳೀಬೇಕು, ಬಿಸಿಲಲ್ಲಿ ಒಣಗಿಸಬೇಕು, ಬೀಸುವ ಕಲ್ಲಲ್ಲಿ ಬೀಸಬೇಕು, ಜರಡಿ ಹಿಡೀಬೇಕು, ಆಮೇಲೆ ಕಲಸಬೇಕು ಅನ್ನೋ ಕ್ರಮ ಅಲ್ಲಿದೆ. ಅಂದರೆ ಒಂಬೈನೂರು ವರ್ಷದ ಹಿಂದೆಯೂ ಒಳ್ಳೇ ಭಕ್ಷ್ಯಕ್ಕೆ ಹಿಟ್ಟು ಅಲ್ಲೇ ತಯಾರಾಗಬೇಕಿತ್ತು. ಆದರೆ ಆ ಸಾಲುಗಳಲ್ಲಿ ಗೋಧಿ ತೊಳೆಯಲ್ಪಡುತ್ತೆ, ಬೀಸಲ್ಪಡುತ್ತೆ. ಕರ್ತೃ ಇಲ್ಲ. ಕಲ್ಲು ಇದೆ, ಕೈ ಕಾಣೋದಿಲ್ಲ.

ಕಲ್ಲಿನ ಕಥೆ ಪುಸ್ತಕಕ್ಕಿಂತ ಹಳೆಯದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಧಾನ್ಯ ಅರೆಯುವ ಕಲ್ಲುಗಳು ಸಿಕ್ಕಿವೆ. ಆಗಿನದು ತಿರುಗಿಸೋ ಕಲ್ಲಲ್ಲ. ತಗ್ಗಾದ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಮೊಣಕಾಲೂರಿ ಹಿಂದೆ ಮುಂದೆ ಉಜ್ಜೋದು. ದುಂಡಗಿನ ಜೋಡಿ ಕಲ್ಲು, ನಡುವೆ ಗೂಟ, ಮೇಲ್ಗಲ್ಲಿಗೆ ಹಿಡಿ ಇರೋ ಬೀಸುವ ಕಲ್ಲು ಆಮೇಲೆ ಬಂತು. ಅದರ ಜೊತೆ ಒರಳು. ಈ ಎರಡು ಕಲ್ಲುಗಳಲ್ಲಿ ಕರ್ನಾಟಕದ ತಿಂಡಿಯ ನಕಾಶೆಯನ್ನೇ ಬರೀಬಹುದು. ಅಕ್ಕಿಯ ನಾಡು ನೆನೆಸಿ ರುಬ್ಬಿತು, ಹಾಗಾಗಿ ಮುಳಕ, ಕಡುಬು, ದೋಸೆ. ಜೋಳ, ಗೋಧಿಯ ನಾಡು ಒಣಗಿಸಿ ಬೀಸಿತು, ಹಾಗಾಗಿ ರೊಟ್ಟಿ, ಹೋಳಿಗೆ, ಗಾರಿಗೆ. ಹಣ್ಣನ್ನು ಹಿಟ್ಟಿಗೆ ಸೇರಿಸಿ ಕರಿಯೋ ಬುದ್ಧಿ ಎರಡೂ ಕಡೆ ಒಂದೇ. ಕಲ್ಲು ಬೇರೆ ಆದದ್ದರಿಂದ ತಿಂಡಿಯೂ ಬೇರೆ ಆಯ್ತು.

ಹಾಗಾದರೆ ವರ್ಷಕ್ಕಾಗುವಷ್ಟು ಒಟ್ಟಿಗೇ ಬೀಸಿಟ್ಟುಕೊಳ್ಳಬಹುದಿತ್ತಲ್ಲ? ಆಗ್ತಿರಲಿಲ್ಲ. ಗೋಧಿಯೋ ಸಜ್ಜೆಯೋ, ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುತ್ತೆ. ಕಾಳು ಇಡಿಯಾಗಿರೋ ತನಕ ಅದು ಭದ್ರ. ಬೀಸಿದ ಕೂಡಲೇ ಗಾಳಿಗೆ ತೆರೆದುಕೊಳ್ಳುತ್ತೆ, ದಿನ ಕಳೆದಂತೆ ಮುಗ್ಗಲು ವಾಸನೆ, ಕಹಿ. ಸಜ್ಜೆ ಹಿಟ್ಟನ್ನು ಡಬ್ಬಿಯಲ್ಲಿ ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹುಳ ಬೇರೆ. ಕಾಳು ಕಣಜದಲ್ಲಿ ವರ್ಷ ಇರುತ್ತೆ, ಹಿಟ್ಟು ವಾರಗಟ್ಟಲೆ ಇರೋದೇ ಹೆಚ್ಚು. ಆದ್ದರಿಂದ 'ತಾಜಾ ಹಿಟ್ಟು' ಅನ್ನೋದು ಆಗ ಯಾರ ಅಭಿರುಚಿಯೂ ಆಗಿರಲಿಲ್ಲ. ಬೇರೆ ದಾರಿ ಇಲ್ಲದ ದಿನಚರಿ ಅದು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಆರು ಜನರ ಮನೆ, ತಲೆಗೆ 300 ಗ್ರಾಂ ಹಿಟ್ಟು ಅಂದರೂ ದಿನಕ್ಕೆ 1.8 ಕೆ.ಜಿ. ಹಬ್ಬ ಬಂತೋ, ಗಾರಿಗೆಗೆ ಅಂತ ಮೇಲೆ ಇನ್ನಷ್ಟು. ಇಷ್ಟನ್ನೂ ಕೋಳಿ ಕೂಗೋ ಮುಂಚೆ ಎದ್ದು, ಚಿಮಣಿ ಬೆಳಕಲ್ಲಿ ಕಾಲು ಚಾಚಿ ಕೂತು, ಒಂದು ಕೈಯಲ್ಲಿ ಹಿಡಿ ತಿರುಗಿಸ್ತಾ ಇನ್ನೊಂದು ಕೈಯಲ್ಲಿ ಕಾಳು ಸುರೀತಾ ಬೀಸಬೇಕು. ಆಮೇಲೆ ನೀರು, ಸಗಣಿ, ಅಡುಗೆ, ಹೊಲ. ಕಲ್ಲು ಸವೆದರೆ ಕುಟ್ಟೋರು ಬಂದು ಉಳಿಯಲ್ಲಿ ಕಚ್ಚು ಹಾಕಿ ಕೊಡ್ತಿದ್ದರು. ರಟ್ಟೆ ಸವೆದರೆ ಅಂಥ ವ್ಯವಸ್ಥೆ ಇರಲಿಲ್ಲ.

ಗ್ರಂಥಗಳಲ್ಲಿ ಕಾಣದ ಈ ಕೈ ಹಾಡಿನಲ್ಲಿ ಸಿಗುತ್ತೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, 'ಗರತಿಯ ಹಾಡು' ಸಂಗ್ರಹವನ್ನು 1931ರಲ್ಲಿ ತಂದರು. ನಾವು ಜಾನಪದದ ರತ್ನ ಅಂತ ಓದೋ ಎಷ್ಟೋ ತ್ರಿಪದಿಗಳು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ. ತವರು, ಅಣ್ಣ, ಅತ್ತೆ, ಹಡೆದವ್ವ, ದೇವರು, ಎಲ್ಲ ಆ ಕಲ್ಲಿನ ಸುತ್ತಿಗೆ ಸೇರಿಕೊಂಡಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪೊಯ್ತೆವಾಂ ತಮ್ಮ ಬಳಗದ ಜೊತೆ ಊರೂರು ತಿರುಗಿ ಸಂಗ್ರಹಿಸಿದ ಬೀಸುವ ಹಾಡುಗಳು ಒಂದು ಲಕ್ಷಕ್ಕೂ ಹೆಚ್ಚು. ಇಷ್ಟು ಹಾಡು ಬೇಕಾಯ್ತು ಅಂದರೆ ಕೆಲಸ ಎಷ್ಟು ಉದ್ದ ಇತ್ತು ಅಂತ ನೀವೇ ಅಂದಾಜು ಮಾಡಿ. ಇನ್ನೂ ಹಿಂದಕ್ಕೆ ಹೋದರೆ 12ನೇ ಶತಮಾನದ ಶರಣೆ ಕೊಟ್ಟಣದ ಸೋಮಮ್ಮ. ಭತ್ತ ಕುಟ್ಟೋದು ಅವಳ ಕಾಯಕ, ಅದೇ ಅವಳ ಹೆಸರಿನ ಮುಂದೆ ನಿಂತಿದೆ. ರಾಜರ ಪಾಕಗ್ರಂಥ ಮರೆತ ಕೈಯನ್ನು ಶರಣರು ಹೆಸರು ಹಿಡಿದು ಕರೆದರು.

ಬೇರೆ ಥರದ ಒಂದು ಬೀಸುವ ಕಲ್ಲೂ ನಮ್ಮ ಚರಿತ್ರೆಯಲ್ಲಿದೆ. ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಗಾಂಧೀಜಿಗೆ ಗಿರಣಿ ಹಿಟ್ಟಿನ ಬ್ರೆಡ್ಡು ಬೇಡವಾಯ್ತು. 7 ಪೌಂಡ್ ಕೊಟ್ಟು ಕೈಗಿರಣಿ ತಂದರು. ಅದರ ಚಕ್ರ ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಸಾಮಾನ್ಯವಾಗಿ ತಾವು, ಗೆಳೆಯ ಪೋಲಕ್ ಮತ್ತು ಮಕ್ಕಳು ಬೀಸ್ತಿದ್ದೆವು, ಕಸ್ತೂರಬಾ ಆಗೊಮ್ಮೆ ಈಗೊಮ್ಮೆ ಕೈ ಹಾಕ್ತಿದ್ದರು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇಲ್ಲಿ ತಾಜಾ ಹಿಟ್ಟು ಅನ್ನೋದು ಆಯ್ಕೆ, ಅದರ ಶ್ರಮ ಗಂಡಸರ ಪಾಲಿಗೂ ಬಂದಿತ್ತು. ಹಿಟ್ಟು ಅದೇ, ಕಲ್ಲೂ ಹೆಚ್ಚುಕಡಿಮೆ ಅದೇ, ಕೂತವರು ಮಾತ್ರ ಬೇರೆ. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾದ ಮೇಲೆ ಕೈಯಲ್ಲಿ ಕುಟ್ಟಿದ ಅಕ್ಕಿ, ಚಕ್ಕಿಯಲ್ಲಿ ಬೀಸಿದ ಹಿಟ್ಟು ಅನ್ನೋದು ದೇಶದ ಕಾರ್ಯಕ್ರಮವೇ ಆಯ್ತು. ಪೌಷ್ಟಿಕತೆಯ ವಾದದಲ್ಲಿ ಸತ್ಯ ಇತ್ತು. ಆದರೆ ಹಳ್ಳಿಗೆ ಎಂಜಿನ್ ಗಿರಣಿ ಬಂದ ದಿನ ಹೆಂಗಸರು ಬುಟ್ಟಿ ಹೊತ್ತು ಆ ಕಡೆಗೇ ನಡೆದರು. ಹೋಗದೆ ಏನು ಮಾಡ್ತಾರೆ ಹೇಳಿ!

ಉತ್ತರದಲ್ಲಿ ಗಿರಣಿ, ಹಳೇ ಮೈಸೂರಿನಲ್ಲಿ ಹಿಟ್ಟಿನ ಮಿಲ್ಲು. ಊರಾಚೆಯಿಂದಲೇ ಕೇಳೋ ಎಂಜಿನ್ ಸದ್ದು, ಸಾಲಾಗಿ ಇಟ್ಟ ಡಬ್ಬಿಗಳು, ತಲೆಯಿಂದ ಕಾಲಿನವರೆಗೆ ಬೆಳ್ಳಗಾದ ಮಿಲ್ಲಿನವನು. ಮಡಿಯ ಮನೆಗಳು ಹಬ್ಬದ ಹಿಟ್ಟನ್ನು ಮಾತ್ರ ಮನೆಯಲ್ಲೇ ಬೀಸಿಕೊಂಡು ಕೆಲ ಕಾಲ ಹಟ ಹಿಡಿದವು, ಆಮೇಲೆ ಸುಮ್ಮನಾದವು. ಗಿರಣಿ ಕಾಳನ್ನು ಇಡಿಯಾಗಿಯೇ ಬೀಸಿ ಕೊಡುತ್ತೆ, ಹೊಟ್ಟು, ಮೊಳಕೆ ಸಮೇತ. ಹಿಟ್ಟಿನ ತಾಜಾತನ ಉಳೀತು, ರಟ್ಟೆ ನೋವು ಹೋಯ್ತು. ನಮ್ಮ ಅಡುಗೆಮನೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬಿಡುಗಡೆ ಅಪರೂಪ. ಅಕ್ಕಿಯ ನಾಡಿಗೆ ಈ ಬಿಡುಗಡೆ ಇನ್ನೂ ತಡವಾಗಿ ಬಂತು. ಕೊಯಮತ್ತೂರಿನ ಗ್ರೈಂಡರ್, ಆಮೇಲೆ ಮಿಕ್ಸಿ ಬಂದ ಮೇಲೇ ಒರಳುಕಲ್ಲು ಹಿತ್ತಲಿಗೆ ಹೋಗಿದ್ದು.

ಮೈದಾ ಬಂದ ದಾರಿ ಬೇರೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಹಂಗೇರಿಯ ಬುಡಾಪೆಸ್ಟ್, ಆಮೇಲೆ ಅಮೆರಿಕದ ಮಿನಿಯಾಪೊಲಿಸ್‌ನ ಮಿಲ್ಲುಗಳು ಕಲ್ಲು ಬಿಟ್ಟು ರೋಲರಿಗೆ ಹೋದವು. ರೋಲರ್ ಕಾಳನ್ನು ಸೀಳಿ ಹೊಟ್ಟನ್ನೂ ಮೊಳಕೆಯನ್ನೂ ಬೇರೆ ಮಾಡುತ್ತೆ. ಎಣ್ಣೆಯಂಶ ಹೋದ ಬಿಳಿ ಹಿಟ್ಟು ತಿಂಗಳುಗಟ್ಟಲೆ ಕೆಡೋದಿಲ್ಲ, ಹಡಗು ಹತ್ತಿ ಎಲ್ಲಿಗೆ ಬೇಕಾದರೂ ಹೋಗುತ್ತೆ. ಸ್ವಾತಂತ್ರ್ಯದ ನಂತರ ಆಹಾರದ ಕೊರತೆಯ ಕಾಲ. ಅಮೆರಿಕದ 1954ರ ಪಿ.ಎಲ್. 480 ಕಾಯ್ದೆಯ ಅಡಿ ಗೋಧಿ ಬಂತು. ಬರ ಬಡಿದ 1966ರಲ್ಲಿ ದೇಶ ತರಿಸಿಕೊಂಡ ಆಹಾರಧಾನ್ಯ ಸುಮಾರು ಒಂದು ಕೋಟಿ ಟನ್. ಅಕ್ಕಿ ಬಿಟ್ಟರೆ ಊಟವೇ ಅಲ್ಲ ಅನ್ನುತ್ತಿದ್ದ ಊರುಗಳಲ್ಲೂ ರೇಷನ್ ಅಂಗಡಿಯ ಗೋಧಿ, ರವೆ, ಮೈದಾ ಮನೆ ಸೇರಿದವು.

ಮಂಗಳೂರು ಬನ್ಸನ್ನು ಈ ಬೆಳಕಲ್ಲಿ ನೋಡಿ. ಹೆಸರು ಇಂಗ್ಲಿಷು, ಮೈದಾ ರೋಲರ್ ಮಿಲ್ಲಿನದು, ಅಡುಗೆ ಸೋಡ ರಾಸಾಯನಿಕ ಕಾರ್ಖಾನೆಯದು, ಸಕ್ಕರೆ ಸಕ್ಕರೆ ಕಾರ್ಖಾನೆಯದು. ಊರಿನದು ಅಂದರೆ ಬಾಳೆಹಣ್ಣು, ಮೊಸರು, ಜೀರಿಗೆ. ಅಂದರೆ ಇದು ಮುಳಕದ ಯೋಚನೆಯೇ, ಕಾರ್ಖಾನೆ ಯುಗದ ಸಾಮಾನಿನಲ್ಲಿ ಮಾಡಿದ್ದು. ಇದನ್ನು ಬೈಯೋ ಮನಸ್ಸು ನನಗಿಲ್ಲ. ರಾತ್ರಿ ಐದು ನಿಮಿಷದಲ್ಲಿ ಕಲಸಿಟ್ಟು ಬೆಳಿಗ್ಗೆ ಕರಿಯಬಹುದಾದ ತಿಂಡಿ ಕೆಲಸಕ್ಕೆ ಹೋಗೋ ಹೆಂಗಸಿಗೆ ಎಷ್ಟು ಹೊತ್ತು ಉಳಿಸಿಕೊಟ್ಟಿದೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀಬೇಕು.

ಆದರೂ ಒಮ್ಮೆ ಹೊಸ ಹಿಟ್ಟಿನಲ್ಲಿ ಮಾಡಿ ನೋಡಿ, ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತೆ. ಗಿರಣಿಯಿಂದ ತಂದ ಗೋಧಿ ಹಿಟ್ಟು ಬಿಸಿ ಇರುತ್ತೆ. ಅಗಲ ತಟ್ಟೆಯಲ್ಲಿ ಹರಡಿ ಆರಲು ಬಿಡಿ. ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಬೆವೆತು ಗಂಟು ಕಟ್ಟುತ್ತೆ. ಚೆನ್ನಾಗಿ ಕಳಿತ ಎರಡು ಬಾಳೆಹಣ್ಣು ಹಿಸುಕಿ, ರುಚಿಗೆ ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ, ಹಿಡಿಸುವಷ್ಟು ಹಿಟ್ಟು ಸೇರಿಸಿ. ನೀರು ಬೇಡ, ಹಣ್ಣಿನ ನೀರೇ ಸಾಕು. ಇಪ್ಪತ್ತು ನಿಮಿಷ ಬಿಡಿ. ಹೊಟ್ಟಿರೋ ಹಿಟ್ಟು ನಿಧಾನಕ್ಕೆ ನೀರು ಕುಡಿಯುತ್ತೆ, ಆತುರಪಟ್ಟರೆ ಒಳಗೆ ಹಸಿ ಉಳಿಯುತ್ತೆ. ಹಲಸಿನದಾದರೆ ಒಂದು ಲೋಟ ದೋಸೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ ನೀರು ಬಸಿದು, ಎರಡು ಲೋಟ ಹೆಚ್ಚಿದ ತೊಳೆ, ಬೆಲ್ಲ, ತೆಂಗಿನತುರಿ ಜೊತೆ ಸಣ್ಣ ತರಿ ಇರೋ ಹಾಗೆ ರುಬ್ಬಿ. ಆ ತರಿಯಿಂದಲೇ ಹೊರಗೆ ಗರಿಗರಿ. ಎಣ್ಣೆ ಹದವಾಗಿ ಕಾದಿರಲಿ, ಉರಿ ಮಧ್ಯಮ. ಬೆಲ್ಲ ಇರೋದರಿಂದ ಜೋರು ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಬೇಯೋದಿಲ್ಲ.

ಇವತ್ತು ಬೆರಳು ಒತ್ತಿದರೆ ಕಾಳು ಬೀಸುವ ಸಣ್ಣ ಗಿರಣಿಗಳು ಮನೆಗೇ ಬಂದಿವೆ. ತಾಜಾ ಹಿಟ್ಟು ಈಗ ಯಾರ ನಿದ್ದೆಯನ್ನೂ ಕೇಳೋದಿಲ್ಲ. ಹಾಗಾಗಿ ಹಳೇ ರುಚಿ ಬೇಕು ಅನ್ನೋರು ಧೈರ್ಯವಾಗಿ ಬೇಕು ಅನ್ನಬಹುದು, ಹಳೇ ಕೆಲಸದ ಹಂಚಿಕೆಯನ್ನು ಮಾತ್ರ ವಾಪಸ್ ಕರೀಬಾರದು. ಜರಡಿ ಹಿಡಿಯೋದು, ತೊಳೆ ಬಿಡಿಸೋದು, ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಮೇಣದ ಜೊತೆ ಗುದ್ದಾಡೋದು, ಇದಕ್ಕೆಲ್ಲ ಮನೆಯ ಗಂಡಸರೂ ಮಕ್ಕಳೂ ಕೂರಬಹುದು. ಇನ್ನೊಂದು ಪದ್ಧತಿಯನ್ನೂ ಬದಲಿಸಬೇಕು. ಮುಳಕ ಬಿಸಿ ಇದ್ದಾಗಲೇ ಚೆನ್ನ ಅಂತ ಎಲ್ಲರಿಗೂ ಗೊತ್ತು, ಕರಿಯುತ್ತಾ ನಿಂತವರಿಗೆ ಮಾತ್ರ ಕೊನೆಗೆ ಉಳಿದ ತಣ್ಣನೆಯ ಎರಡು. ಈ ಸಲ ಬಾಣಲೆಯಿಂದ ಎದ್ದ ಮೊದಲನೆಯದು ಅವರ ಬಾಯಿಗೆ ಹೋಗಲಿ.