ಬ್ಯಾಟರಿಯ ಲೆಕ್ಕ ಮೊಬೈಲಿಗೆ ಬಂದ ಬಗೆ

ಬೆಂಗಳೂರಿನಿಂದ ರಾಮನಗರಕ್ಕೂ ಮಾಗಡಿಗೂ ಸುಮಾರು 50 ಕಿ.ಮೀ., ಕನಕಪುರಕ್ಕೆ 55, ಚನ್ನಪಟ್ಟಣಕ್ಕೆ 60. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ದೂರ ಇದು. 2001ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯಿಂದ ರಸ್ತೆಗಿಳಿದ ಎಲೆಕ್ಟ್ರಿಕ್ ಕಾರು ರೇವಾ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಈ ನಾಲ್ಕೂ ಊರುಗಳನ್ನು ಅದು ಮುಟ್ಟಬಲ್ಲುದಾಗಿತ್ತು. ಅಲ್ಲಿ ಚಾರ್ಜ್ ಮಾಡಿಸದೆ ವಾಪಸ್ ಬರುವ ಹಾಗಿರಲಿಲ್ಲ. 'ಇನ್ನೆಷ್ಟು ದೂರ ಹೋದೀತು?' ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಹಾಗೇ ಇದೆ. ಬದಲಾಗಿರುವುದು ಅದಕ್ಕೆ ಉತ್ತರ ಹೇಳುವವರು ಯಾರು ಎಂಬುದು.

ಕಂಪನಿಗೆ ಫೋನ್ ಮಾಡುವ ಕಾಲ

ರೇವಾದಲ್ಲಿದ್ದದ್ದು 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಅವುಗಳ ಮೇಲೆ ಕಣ್ಣಿಡುವ ಪುಟ್ಟ ಕಂಪ್ಯೂಟರೂ ಗಾಡಿಯೊಳಗಿತ್ತು. ಅದರ ಲೆಕ್ಕ ಓದುವುದು ಸರ್ವೀಸ್‌ನವರ ಕೆಲಸ. ಮಾಲೀಕರಿಗೆ ಡ್ಯಾಶ್‌ಬೋರ್ಡೇ ಗತಿ. 2009ರ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ ಚೇತನ್ ಮೈನಿ ಅವರ ರೇವಾ ತಂಡ 'ರಿವೈವ್' ಎಂಬ ಸೌಲಭ್ಯವನ್ನು ತೋರಿಸಿತು. ದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ಫೋನ್ ಮಾಡುವುದು ಅಥವಾ ಎಸ್‌ಎಂಎಸ್ ಕಳಿಸುವುದು. ಅವರು ದೂರದಿಂದಲೇ ಬ್ಯಾಟರಿಯ ಸ್ಥಿತಿ ನೋಡಿ, ಬಚ್ಚಿಟ್ಟಿದ್ದ ಮೀಸಲು ಚಾರ್ಜನ್ನು ಬಿಡುಗಡೆ ಮಾಡುವುದು. ಎಲೆಕ್ಟ್ರಿಕ್ ಕಾರಿಗೂ ಫೋನಿಗೂ ನಂಟು ಬೆಳೆಸುವ ಈ ಯೋಚನೆ ಬೆಂಗಳೂರಿನದು. 2010ರಲ್ಲಿ ಮಹೀಂದ್ರಾ ಈ ಕಂಪನಿಯ ಬಹುಪಾಲನ್ನು ಕೊಂಡಿತು. 2013ರ ಮಾರ್ಚ್‌ನಲ್ಲಿ ಬಂದ ಇ2ಒ ಕಾರು ಲಿಥಿಯಂ ಬ್ಯಾಟರಿಯ ಜೊತೆಗೆ ಸ್ಮಾರ್ಟ್‌ಫೋನ್ ಆ್ಯಪನ್ನೂ ತಂದಿತು. ಆದರೂ ಏನನ್ನು ತೋರಿಸಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಕಂಪನಿಯೇ.

ಸ್ಟೇರಿಂಗಿನ ಕೆಳಗಿನ ಕಿಂಡಿ

ಎರಡನೆಯ ದಾರಿ ತೆರೆದದ್ದು ಪೆಟ್ರೋಲ್ ಕಾರುಗಳಿಂದ. ಗಾಡಿಯ ಬಿಡಿಭಾಗಗಳು ತಮ್ಮತಮ್ಮಲ್ಲೇ ಮಾತಾಡುವ 'ಕ್ಯಾನ್' ಜಾಲವನ್ನು ಜರ್ಮನಿಯ ಬಾಷ್ 1986ರಲ್ಲಿ ಲೋಕಕ್ಕೆ ಪರಿಚಯಿಸಿತು.  ಹೊಗೆ ತಪಾಸಣೆಗೆಂದು ಅಮೆರಿಕ 1996ರಿಂದ ಪ್ರತಿ ಹೊಸ ಕಾರಿನಲ್ಲೂ ಸ್ಟೇರಿಂಗಿನ ಕೆಳಗೆ ಒಬಿಡಿ-2 ಎಂಬ ಪೋರ್ಟನ್ನು ಕಡ್ಡಾಯ ಮಾಡಿತು. ಆ ಪೋರ್ಟಿನಿಂದ ಅಂಕಿ ಓದಲು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಇಎಲ್ಎಂ327 ಚಿಪ್ಪು, ಅದರ ಅಗ್ಗದ ನಕಲುಗಳು ಬ್ಲೂಟೂತ್ ಡಾಂಗಲ್ ರೂಪದಲ್ಲಿ ಜಗತ್ತಿನಾದ್ಯಂತ ಹರಡಿದವು.

2010ರ ಕೊನೆಗೆ ನಿಸಾನ್ ಲೀಫ್ ಬಂದಾಗ ಅದರ ಮಾಲೀಕರು ಇದೇ ಡಾಂಗಲ್ ಚುಚ್ಚಿ, ಕಂಪನಿ ತೋರಿಸದ ಅಂಕಿಗಳನ್ನು ಹುಡುಕತೊಡಗಿದರು. ಲೀಫ್ ಸ್ಪೈ ಆ್ಯಪ್ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಬಿಡಿಸಿ ತೋರಿಸಿತು. ಟೊಯೊಟಾ ಹೈಬ್ರಿಡ್‌ಗಳಿಗೆ ಡಾಕ್ಟರ್ ಪ್ರಿಯಸ್, ಹಲವು ಕಂಪನಿಗಳ ಗಾಡಿಗೆ ಕಾರ್ ಸ್ಕ್ಯಾನರ್ ಬಂದವು.

ಒಳಗೆ ನಡೆಯುವುದು ಸರಳ. ಫೋನು ಡಾಂಗಲ್ ಮೂಲಕ ಬ್ಯಾಟರಿಯ ನಿಯಂತ್ರಕಕ್ಕೆ ಒಂದು ಸಂಕೇತ ಕಳಿಸುತ್ತದೆ. ಅದು ಉತ್ತರ ಕೊಡುತ್ತದೆ. '0ಸಿ 8ಬಿ' ಎಂದು ಬಂದರೆ ನಮ್ಮ ದಶಮಾನ ಲೆಕ್ಕದಲ್ಲಿ 3211. ಅಳತೆ ಮಿಲಿವೋಲ್ಟಿನಲ್ಲಿದ್ದರೆ ಆ ಸೆಲ್ಲಿನಲ್ಲಿ 3.211 ವೋಲ್ಟ್ ಇದೆ ಎಂದರ್ಥ. ಯಾವ ಸಂಕೇತಕ್ಕೆ ಯಾವ ಅಂಕಿ ಎಂಬ ಪಟ್ಟಿಯನ್ನು ಕಂಪನಿಗಳು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ; ಹವ್ಯಾಸಿಗಳೇ ತಡಕಾಡಿ ಕೂಡಿಸಿದ್ದಾರೆ. ಹಾಗಾಗಿ ಒಂದು ಮಾಡೆಲ್ಲಿನಲ್ಲಿ ಸಿಗುವ ಅಂಕಿ ಇನ್ನೊಂದರಲ್ಲಿ ಸಿಗದು.

ಕನಕಪುರದ ಇಳಿಜಾರು

ಭಾರತದಲ್ಲಿ ಜನಸಾಮಾನ್ಯರು ಎಲೆಕ್ಟ್ರಿಕ್ ಕಾರಿನತ್ತ ತಿರುಗಿದ್ದು 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಿಂದ. 30.2 ಯೂನಿಟ್ ಹಿಡಿಯುವ ಬ್ಯಾಟರಿ, ಜೊತೆಗೊಂದು ಆ್ಯಪ್. ಅದೇ ತಿಂಗಳು ಎಂಜಿ ಝಡ್‌ಎಸ್ ಕೂಡ ಬಂತು. ಕಂಪನಿಯ ಆ್ಯಪು ಉಳಿದ ಚಾರ್ಜನ್ನು ಶೇಕಡಾವಾರು ಹೇಳುತ್ತದೆ. ಶಕ್ತಿ ಎಲ್ಲಿ ಖರ್ಚಾಯಿತು ಎಂದು ತಿಳಿಯಬೇಕಾದರೆ ಡಾಂಗಲ್ ಚುಚ್ಚಿ ಕಿಲೋವ್ಯಾಟ್ ನೋಡಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕನಕಪುರ 640ರ ಆಸುಪಾಸಿನಲ್ಲಿ. ಜನರೂ ಸೇರಿ 1,600 ಕಿಲೋ ತೂಗುವ ಕಾರು ಅಷ್ಟು ಎತ್ತರ ಹತ್ತಲು ಸುಮಾರು 1.2 ಯೂನಿಟ್ ಹೆಚ್ಚಿಗೆ ಬೇಕು. 30 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು ಶೇ 4. ಹೋಗುವಾಗ ಇಳಿಜಾರಿನಲ್ಲಿ ಕಿಲೋವ್ಯಾಟ್ ಸೊನ್ನೆಗಿಂತ ಕೆಳಗಿಳಿದು ಒಂದಿಷ್ಟು ಚಾರ್ಜ್ ಮರಳುವುದೂ ಫೋನಿನಲ್ಲಿ ಕಾಣುತ್ತದೆ. ಹೋದ ಲೆಕ್ಕದಲ್ಲೇ ಬಂದುಬಿಡುತ್ತೇನೆ ಎಂದವರು ಲೆಕ್ಕ ತಪ್ಪುವುದು ಇಲ್ಲೇ. ರಾಮನಗರ, ಚನ್ನಪಟ್ಟಣಗಳು 740 ಮೀಟರಿನ ಸುತ್ತ ಇವೆ. ಮಾಗಡಿ ಬೆಂಗಳೂರಿನ ಮಟ್ಟದಲ್ಲೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ರಾಮನಗರದತ್ತ ಹೋಗುವ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಏರಿಗಿಂತ ವೇಗವೇ ದುಬಾರಿ: 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ.

ಶೇಕಡಾವಾರು ಎಂಬುದೂ ಅಂದಾಜೇ. ನಮ್ಮಲ್ಲಿ ಹೆಚ್ಚು ಬಳಕೆಯ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿನ ವೋಲ್ಟೇಜ್ ಚಾರ್ಜಿನ ನಡುಹಂತದಲ್ಲಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಆದ್ದರಿಂದ ನಿಯಂತ್ರಕ ಒಳಹೋದ, ಹೊರಬಂದ ಕರೆಂಟನ್ನು ಕೂಡಿಸಿ ಕಳೆಯುತ್ತದೆ; ಪುಟ್ಟ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಆಗಾಗ ಪೂರ್ತಿ ಚಾರ್ಜ್ ಮಾಡಿ ಎಂದು ಕಂಪನಿಗಳು ಹೇಳುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಪ್ರಶ್ನೆ

ಅಂಕಿ ಕೈಗೆ ಬಂದರೆ ಅಪಾಯವೂ ಬರುತ್ತದೆ. 2016ರಲ್ಲಿ ಲೀಫ್ ಆ್ಯಪಿಗೆ ಗಾಡಿಯ ಚಾಸಿ ನಂಬರ್ ಒಂದಿದ್ದರೆ ಸಾಕು, ಯಾರು ಬೇಕಾದರೂ ಎಸಿ ಹಾಕಬಹುದಿತ್ತು ಎಂದು ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ನಿಸಾನ್ ಆ ಸೇವೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಗ್ಗದ ಡಾಂಗಲ್ಲನ್ನು ಹಗಲುರಾತ್ರಿ ಚುಚ್ಚಿಟ್ಟರೆ 12 ವೋಲ್ಟಿನ ಸಣ್ಣ ಬ್ಯಾಟರಿ ಖಾಲಿಯಾಗಬಹುದು.

ಕಾನೂನು ಎಚ್ಚೆತ್ತಿರುವುದು ಹೊರದೇಶಗಳಲ್ಲಿ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ ಬ್ಯಾಟರಿಯ ಆರೋಗ್ಯದ ಅಂಕಿಗಳನ್ನು ಓದುವ ಅವಕಾಶ ಕೊಂಡವರಿಗೆ ಇರಲೇಬೇಕು. ಇಲ್ಲಿಯೂ ಅಂಥ ನಿಯಮ ಬರಬೇಕು. ಮೊದಲ ಕಂತಿನ ಎಲೆಕ್ಟ್ರಿಕ್ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ, ಬ್ಯಾಟರಿಯೇ ಅವುಗಳ ಅತಿ ದುಬಾರಿ ಭಾಗ. ಕೊಳ್ಳಲು ಹೊರಟವರು ಓಡಿದ ಕಿಲೋಮೀಟರನ್ನಷ್ಟೇ ನೋಡಿ ಸುಮ್ಮನಾಗಬಾರದು. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜಿನ ನಡುವೆ ಅಂತರವೆಷ್ಟು, ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು, ವಾರಂಟಿ ಎಷ್ಟು ವರ್ಷ ಉಳಿದಿದೆ, ಈ ಮೂರನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ಕೊಡದಿದ್ದರೆ ಬೇರೆ ಗಾಡಿ ನೋಡಿ.